ಕಾಬೂಲಿನ ಒಂದು ಮನೆ, ಇಬ್ಬರು ಹೆಂಗಸರು

ಕೇಳುಗರಿಗೆ ನಮಸ್ಕಾರ.

ಅಫ್ಘಾನಿಸ್ತಾನದ ಹೆಣ್ಣುಮಕ್ಕಳ ಪಾಡಿನ ಮಾತು ಬಂದಾಗಲೆಲ್ಲ ನಮ್ಮ ಬಾಯಿಗೆ ಮೊದಲು ಬರುವ ಹೆಸರು ತಾಲಿಬಾನ್. ಆ ಆಡಳಿತ ಕಾಬೂಲಿಗೆ ಬಂದದ್ದು 1996ರ ಸೆಪ್ಟೆಂಬರಿನಲ್ಲಿ. ಆದರೆ ನಾನು ಇಂದು ಮಾತನಾಡಲಿರುವ ಕಾದಂಬರಿಯ ಮರಿಯಮ್ ಗಂಡನ ಅಪ್ಪಣೆಯಂತೆ ಬುರ್ಖಾ ತೊಟ್ಟು ಅದೇ ಊರಿನ ಬೀದಿಗೆ ಕಾಲಿಟ್ಟದ್ದು 1974ರಲ್ಲಿ. ಈ ಇಪ್ಪತ್ತೆರಡು ವರ್ಷಗಳ ಅಂತರವನ್ನು ಗಮನದಲ್ಲಿಟ್ಟುಕೊಂಡು ಓದಿದರೆ ಖಾಲಿದ್ ಹೊಸೈನಿಯವರ ‘ಎ ಥೌಸಂಡ್ ಸ್ಪ್ಲೆಂಡಿಡ್ ಸನ್ಸ್’ ಕೇವಲ ಯುದ್ಧದ ಕಥೆಯಾಗಿ ಉಳಿಯುವುದಿಲ್ಲ.

ಹೊಸೈನಿ ಕಾಬೂಲಿನಲ್ಲಿ 1965ರಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಕುಟುಂಬದೊಂದಿಗೆ ಅಮೆರಿಕದಲ್ಲಿ ಆಶ್ರಯ ಪಡೆದು ಅಲ್ಲಿ ವೈದ್ಯರಾದವರು. 2003ರಲ್ಲಿ ತಾಯ್ನಾಡಿಗೆ ಮರಳಿ ಹೋದಾಗ ಬೀದಿಯಲ್ಲಿ ಕಂಡ ಹೆಂಗಸರೇ ಈ ಕೃತಿಗೆ ಪ್ರೇರಣೆ. ಪುಸ್ತಕ 2007ರಲ್ಲಿ ಪ್ರಕಟವಾಯಿತು. ಅದರ ಹೆಸರು, ಹದಿನೇಳನೆಯ ಶತಮಾನದ ಪರ್ಷಿಯನ್ ಕವಿ ಸಾಯಿಬ್ ತಬ್ರೀಜಿ ಕಾಬೂಲನ್ನು ಹೊಗಳಿ ಬರೆದ ಕವಿತೆಯಿಂದ ಬಂದದ್ದು.

ಮರಿಯಮ್ ಹೆರಾತ್ ನಗರದ ಸಿರಿವಂತನೊಬ್ಬನಿಗೆ ಅವನ ಮನೆಗೆಲಸದವಳಲ್ಲಿ ಹುಟ್ಟಿದ ಮಗಳು. ತಂದೆ ಚಿತ್ರಮಂದಿರದ ಒಡೆಯ; ಮಗಳು ಬೆಳೆದದ್ದು ಊರಾಚೆಯ ಗುಡಿಸಲಿನಲ್ಲಿ. ತಾಯಿ ನೇಣು ಹಾಕಿಕೊಂಡ ಮೇಲೆ ಹದಿನೈದರ ಆ ಹುಡುಗಿಯನ್ನು ತಂದೆಯ ಮನೆಯವರು ಕಾಬೂಲಿನ ರಶೀದ್ ಎಂಬ ನಡುವಯಸ್ಸಿನ ಬೂಟು ತಯಾರಕನಿಗೆ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಮೇಲಿಂದ ಮೇಲೆ ಗರ್ಭ ನಿಲ್ಲದೆ ಹೋದಾಗ ಗಂಡನ ಮಾತು ಒರಟಾಗುತ್ತದೆ, ಕೈ ಇನ್ನೂ ಒರಟಾಗುತ್ತದೆ. ಒಂದು ದಿನ ಅನ್ನ ಸರಿಯಾಗಿ ಬೆಂದಿಲ್ಲವೆಂದು ಅಂಗಳದ ಕಲ್ಲುಗಳನ್ನು ತಂದು ಅವಳ ಬಾಯಿಗೆ ತುರುಕಿ ಜಗಿಯಲು ಹೇಳುತ್ತಾನೆ. ಅವಳು ಉಗುಳಿದಾಗ ಕಲ್ಲಿನೊಡನೆ ರಕ್ತವೂ ಮುರಿದ ಎರಡು ದವಡೆ ಹಲ್ಲಿನ ಚೂರುಗಳೂ ಬೀಳುತ್ತವೆ. ಆಗ ದೇಶದಲ್ಲಿ ತಾಲಿಬಾನ್ ಎಂಬುದೇ ಇರಲಿಲ್ಲ.

ಅದೇ ಬೀದಿಯಲ್ಲಿ, 1978ರ ಏಪ್ರಿಲ್‌ನಲ್ಲಿ ಕಮ್ಯುನಿಸ್ಟರು ದಾವೂದ್ ಖಾನನ ಸರ್ಕಾರವನ್ನು ಉರುಳಿಸಿದ ರಾತ್ರಿ ಲೈಲಾ ಹುಟ್ಟುತ್ತಾಳೆ. ಮಗಳ ಮದುವೆ ಕಾಯಬಹುದು, ಓದು ಕಾಯಲಾರದು ಎಂದು ನಂಬಿದ ಮೇಷ್ಟ್ರು ಅವಳ ತಂದೆ. ಸೋವಿಯತ್ ಸೇನೆಯ ಕಾಲದಲ್ಲಿ ಹಳ್ಳಿಗಳು ಬಾಂಬಿಗೆ ಸುಟ್ಟುಹೋಗುತ್ತಿದ್ದರೂ ರಾಜಧಾನಿಯಲ್ಲಿ ಹೆಣ್ಣುಮಕ್ಕಳು ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದರು. ಆದರೆ ಆ ಸ್ವಾತಂತ್ರ್ಯ ಲೈಲಾಳ ಮನೆಯೊಳಗೆ ಬಂದಂತೆ ಕೆಲವೇ ಬಾಗಿಲುಗಳಾಚೆಯ ರಶೀದನ ಮನೆಯೊಳಗೆ ಬರಲಿಲ್ಲ. ಹೊಸೈನಿ ಇದನ್ನು ಎಲ್ಲಿಯೂ ವಾದವಾಗಿ ಮಂಡಿಸುವುದಿಲ್ಲ; ಎರಡು ಮನೆಗಳನ್ನು ಒಂದೇ ಬೀದಿಯಲ್ಲಿ ನಿಲ್ಲಿಸುತ್ತಾರೆ, ಅಷ್ಟೆ. ಕಾದಂಬರಿಕಾರನ ಕೆಲಸವೆಂದರೆ ಇದೇ ಎಂದು ನನಗನ್ನಿಸುತ್ತದೆ.

1992ರಲ್ಲಿ ಸೋವಿಯತ್ ಬೆಂಬಲದ ನಜೀಬುಲ್ಲಾ ಸರ್ಕಾರ ಬಿದ್ದು, ಸೋವಿಯತ್ ಸೇನೆಯ ವಿರುದ್ಧ ಹೋರಾಡಿದ್ದ ಮುಜಾಹಿದೀನ್ ಬಣಗಳು ಕಾಬೂಲನ್ನು ಹಂಚಿಕೊಳ್ಳಲು ಬಡಿದಾಡಿದಾಗ ರಾಕೆಟ್ಟೊಂದು ಲೈಲಾಳ ತಂದೆತಾಯಿಯರನ್ನು ಕೊಲ್ಲುತ್ತದೆ. ಗೆಳೆಯ ತಾರಿಕ್ ಸತ್ತನೆಂಬ ಸುಳ್ಳನ್ನು ನಂಬಿ, ಹೊಟ್ಟೆಯಲ್ಲಿರುವ ಅವನ ಮಗುವನ್ನು ಉಳಿಸಿಕೊಳ್ಳಲು ಅವಳು ರಶೀದನಿಗೆ ಎರಡನೆಯ ಹೆಂಡತಿಯಾಗುತ್ತಾಳೆ. ಅಲ್ಲಿಂದ ಮುಂದಿನ ಪುಟಗಳು ಈ ಕೃತಿಯ ಜೀವಾಳ. ಸವತಿಯರ ನಡುವೆ ಮೊದಲು ಇರುವುದು ಹಗೆಯೇ. ರಶೀದ್ ಬೆಲ್ಟು ಎತ್ತಿದ ರಾತ್ರಿ ಲೈಲಾ ಅವನ ಕೈಗೆ ಜೋತುಬಿದ್ದು ಮರಿಯಮಳನ್ನು ಉಳಿಸುತ್ತಾಳೆ. ಮರಿಯಮ್ ತಾನು ಹೊಲಿದಿಟ್ಟಿದ್ದ ಪುಟ್ಟ ಬಟ್ಟೆಗಳನ್ನು ಲೈಲಾಳ ಹೆಣ್ಣುಮಗುವಿಗೆ ಕೊಟ್ಟುಬಿಡುತ್ತಾಳೆ. ಆಮೇಲೆ ಇಬ್ಬರೂ ಅಂಗಳದಲ್ಲಿ ಕುಳಿತು ಹಲ್ವಾ ತಿನ್ನುತ್ತಾ ಚಹಾ ಕುಡಿಯುತ್ತಾರೆ. ಯುದ್ಧದ ಎಷ್ಟೋ ವರ್ಣನೆಗಳು ಮರೆತುಹೋದರೂ ಆ ಚಹಾ ಮರೆಯುವುದಿಲ್ಲ.

ಇಬ್ಬರೂ ಮಗುವಿನೊಂದಿಗೆ ಪಾಕಿಸ್ತಾನದ ಪೇಶಾವರಕ್ಕೆ ಓಡಿಹೋಗಲು ಯತ್ನಿಸಿ ಬಸ್ ನಿಲ್ದಾಣದಲ್ಲಿ ಸಿಕ್ಕಿಬೀಳುವುದು 1994ರಲ್ಲಿ. ಮನೆಗೆ ಕಳಿಸಿದರೆ ಗಂಡ ಏನು ಮಾಡಿಯಾನು ಎಂದು ಲೈಲಾ ಅಂಗಲಾಚಿದಾಗ, ಗಂಡಸು ತನ್ನ ಮನೆಯಲ್ಲಿ ಮಾಡುವುದು ಅವನಿಗೆ ಸೇರಿದ ವಿಷಯವೆಂದು ಪೊಲೀಸ್ ಅಧಿಕಾರಿ ಕೈಚೆಲ್ಲುತ್ತಾನೆ. ಎರಡು ವರ್ಷಗಳ ಬಳಿಕ ಬಂದ ತಾಲಿಬಾನ್ ಈ ಮಾತನ್ನೇ ಬೀದಿಗೆ, ಶಾಲೆಗೆ, ಆಸ್ಪತ್ರೆಗೆ ವಿಸ್ತರಿಸಿತು; ಹೆಂಗಸರಿಗೆಂದು ಉಳಿದ ಆಸ್ಪತ್ರೆಯಲ್ಲಿ ಅರಿವಳಿಕೆಯಿಲ್ಲದೆ ಲೈಲಾಳ ಹೊಟ್ಟೆ ಕೊಯ್ದು ಮಗುವನ್ನು ಹೊರತೆಗೆಯುವ ಪ್ರಸಂಗ ಓದುವವರ ಎದೆ ನಡುಗಿಸುತ್ತದೆ.

ಕೃತಿಯಲ್ಲಿ ಒಂದು ಕೊರತೆ ಇದೆ. ರಶೀದನ ಮೊದಲ ಮಗ ನೀರಿನಲ್ಲಿ ಮುಳುಗಿ ಸತ್ತದ್ದನ್ನು ತಿಳಿಸುವ ಲೇಖಕರು ಆ ದುಃಖದ ಆಳಕ್ಕೆ ಇಳಿಯುವುದಿಲ್ಲವಾದ್ದರಿಂದ ಅವನು ಬರಿಯ ಕ್ರೂರಿಯಾಗಿ ಉಳಿಯುತ್ತಾನೆ. ಮರಿಯಮಳ ಪಾತ್ರದಲ್ಲಿ ಮಾತ್ರ ಅವರು ಎಲ್ಲಿಯೂ ಎಡವಿಲ್ಲ. ಲೈಲಾಳ ಕತ್ತು ಹಿಸುಕುತ್ತಿದ್ದ ಗಂಡನನ್ನು ಸಲಿಕೆಯಿಂದ ಹೊಡೆದು ಕೊಂದವಳು, ಲೈಲಾ ಮತ್ತು ಮಕ್ಕಳು ಪಾರಾಗಲೆಂದು ತಾನೇ ತಪ್ಪೊಪ್ಪಿಕೊಂಡು, ಘಾಜಿ ಕ್ರೀಡಾಂಗಣದಲ್ಲಿ ಮರಣದಂಡನೆಗೆ ಮಂಡಿಯೂರುತ್ತಾಳೆ. ತಾನು ಪ್ರೀತಿಸಿ, ಪ್ರೀತಿಸಿಕೊಂಡು ಹೊರಟವಳು ಎಂಬ ಸಮಾಧಾನ ಆಗ ಅವಳಿಗಿದೆ.

ಕಥೆ 2003ರ ವಸಂತದಲ್ಲಿ ನಿಲ್ಲುತ್ತದೆ. ತಾರಿಕನನ್ನು ಮದುವೆಯಾದ ಲೈಲಾ ಕಾಬೂಲಿಗೆ ಮರಳಿ ಅನಾಥಾಲಯದ ಮಕ್ಕಳಿಗೆ ಪಾಠ ಹೇಳುತ್ತಿದ್ದಾಳೆ, ಮತ್ತೆ ಬಸುರಿಯಾಗಿದ್ದಾಳೆ. ಹುಟ್ಟುವುದು ಹೆಣ್ಣಾದರೆ ಏನು ಹೆಸರಿಡಬೇಕೆಂದು ಆಗಲೇ ನಿಶ್ಚಯಿಸಿದ್ದಾಳೆ. ಆ ಮಗು ಹೆಣ್ಣೇ ಆಗಿದ್ದರೆ, 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲಿಗೆ ಮರಳಿ ಬಂದಾಗ ಅವಳಿಗೆ ಹದಿನೆಂಟು ತುಂಬುತ್ತಿತ್ತು. ಮರುವರ್ಷದ ಡಿಸೆಂಬರಿನಲ್ಲಿ ಆ ದೇಶದ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದವು.