ಎರಡನೇ ಪಂಕ್ತಿ

ಎಲ್ಲರಿಗೂ ನಮಸ್ಕಾರ. ಇವತ್ತು ಮೇ 1. 2004ರಲ್ಲಿ ಇದೇ ದಿನ ಯುರೋಪಿಯನ್ ಒಕ್ಕೂಟಕ್ಕೆ ಒಂದೇ ಸಲ ಹತ್ತು ದೇಶಗಳು ಸೇರಿದವು. ಅದರಲ್ಲಿ ಎಂಟು ದೇಶಗಳು ಹದಿನೈದು ವರ್ಷದ ಹಿಂದಷ್ಟೇ ಕಮ್ಯುನಿಸ್ಟ್ ಆಡಳಿತದಲ್ಲಿದ್ದವು. ಒಂದು ಕಾಲಕ್ಕೆ ಮೇ ದಿನದ ಮೆರವಣಿಗೆಗೆ ಬಲವಂತಕ್ಕೆ ಹೋಗುತ್ತಿದ್ದ ಜನ, ಅದೇ ಮೇ ದಿನ ಒಕ್ಕೂಟದ ನೀಲಿ ಬಾವುಟ ಹಿಡಿದು ತಾವಾಗಿಯೇ ಬೀದಿಗೆ ಬಂದರು.

ಬರ್ಲಿನ್ ಗೋಡೆ ಬಿದ್ದ ಕಥೆ ನಿಮಗೆ ಗೊತ್ತಿರುವುದೇ, ಅದನ್ನು ಮತ್ತೆ ಹೇಳುವುದಿಲ್ಲ. ನನ್ನ ಮನಸ್ಸಿನಲ್ಲಿರುವುದು ಒಂದೇ ಮಾತು. ಪಶ್ಚಿಮದವರು ಪೂರ್ವ ಯುರೋಪಿನವರಿಗೆ 'ಬನ್ನಿ' ಅಂದರು, 'ಕೂತ್ಕೊಳ್ಳಿ' ಅನ್ನಲಿಲ್ಲ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕೂತಿದ್ದೀರಲ್ಲ? ಪಾಯಸ ಬರುತ್ತದೆ, ಆದರೆ ಗೋಡಂಬಿ ಇರುವುದಿಲ್ಲ. ಹೊಟ್ಟೆ ತುಂಬುತ್ತದೆ, ಮನಸ್ಸು ತುಂಬುವುದಿಲ್ಲ.

ಇದು ಸುಮ್ನೆ ಹೋಲಿಕೆಗೆ ಹೇಳಿದ್ದಲ್ಲ. ಸ್ಲೊವಾಕಿಯಾ, ಹಂಗೇರಿ, ಝೆಕ್ ದೇಶದ ಜನ ವರ್ಷಗಟ್ಟಲೆ ಒಂದು ದೂರು ಹೇಳುತ್ತಿದ್ದರು. ಅದೇ ಕಂಪನಿ, ಅದೇ ಪೊಟ್ಟಣ, ಆದರೆ ನಮ್ಮ ಅಂಗಡಿಗೆ ಬರುವ, ಬ್ರೆಡ್ ಪುಡಿ ಹಚ್ಚಿದ ಮೀನಿನ ತುಂಡುಗಳಾದ ಫಿಶ್ ಫಿಂಗರ್‌ನಲ್ಲಿ ಮೀನು ಕಮ್ಮಿ ಅಂತ. ಪಶ್ಚಿಮದವರು ಮೊದಮೊದಲು ನಕ್ಕರು. ಪರೀಕ್ಷೆ ಮಾಡಿ ನೋಡಿದರೆ ಕೆಲವು ಪದಾರ್ಥಗಳಲ್ಲಿ ಅದು ನಿಜವೇ ಆಗಿತ್ತು. ಕೊನೆಗೆ 2017ರಲ್ಲಿ ಒಕ್ಕೂಟದ ಆಯೋಗದ ಅಧ್ಯಕ್ಷ ಯುಂಕರ್ ಅವರೇ ವಾರ್ಷಿಕ ಭಾಷಣದಲ್ಲಿ, ಸ್ಲೊವಾಕರಿಗೆ ಕಮ್ಮಿ ಮೀನು, ಝೆಕ್ಕರಿಗೆ ಚಾಕೊಲೇಟಿನಲ್ಲಿ ಕಮ್ಮಿ ಕೋಕೋ ಅನ್ನುವುದನ್ನು ಒಪ್ಪುವುದಿಲ್ಲ ಅಂದರು. ಎರಡು ತುಂಡು ಮೀನಿಗೆ ಇಷ್ಟು ಗಲಾಟೆಯಾ ಅಂತ ಕೇಳಬಹುದು. ಮೀನಿನ ಬೆಲೆ ಎಷ್ಟು ಅಂತ ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ನಮ್ಮ ಎಲೆಗೆ ಯಾಕೆ ಕಮ್ಮಿ ಬಡಿಸಿದಿರಿ ಅಂತ ಕೇಳುತ್ತಿದ್ದರು.

ಈ ಧಾಟಿ ಮೊದಲಿಂದಲೂ ಇತ್ತು. 2003ರಲ್ಲಿ ಇರಾಕ್ ಯುದ್ಧದ ವಿಷಯಕ್ಕೆ ಈ ದೇಶಗಳು ಅಮೆರಿಕದ ಪರ ನಿಂತಾಗ ಫ್ರಾನ್ಸಿನ ಅಧ್ಯಕ್ಷ ಶಿರಾಕ್, ಬಾಯಿ ಮುಚ್ಚಿಕೊಂಡಿರುವ ಒಳ್ಳೆ ಅವಕಾಶ ಕಳೆದುಕೊಂಡರು ಅಂದುಬಿಟ್ಟರು. ಆಗಿನ್ನೂ ಅವರು ಒಳಗೇ ಬಂದಿರಲಿಲ್ಲ! 2005ರಲ್ಲಿ ಅದೇ ಫ್ರಾನ್ಸಿನಲ್ಲಿ 'ಪೋಲೆಂಡಿನ ಪ್ಲಂಬರ್ ಬಂದು ನಮ್ಮ ಕೆಲಸ ಕಿತ್ತುಕೊಳ್ಳುತ್ತಾನೆ' ಅಂತ ದೊಡ್ಡ ಗುಲ್ಲು. ಪೋಲೆಂಡಿನ ಪ್ರವಾಸೋದ್ಯಮದವರು ಏನು ಮಾಡಿದರು ಗೊತ್ತಾ? ಪೈಪು ಹಿಡಿದ ಒಬ್ಬ ಚೆಲುವ ಪ್ಲಂಬರ್‌ನ ಪೋಸ್ಟರ್ ಮಾಡಿಸಿದರು. 'ನಾನು ಪೋಲೆಂಡಿನಲ್ಲೇ ಇರುತ್ತೇನೆ, ನೀವೇ ಬನ್ನಿ' ಅಂತ ಬರೆಸಿದರು. ನನಗೆ ಬಹಳ ಇಷ್ಟವಾದ ಉತ್ತರ ಅದು.

ಈಗ ನನ್ನ ಅನುಭವ. 2006ರಿಂದ ಎರಡು ವರ್ಷ ನಾನು ಇಂಗ್ಲೆಂಡಿನ ಪೀಟರ್‌ಬರೋದಲ್ಲಿದ್ದೆ. ಪೂರ್ವದ ಈ ಹೊಸ ದೇಶಗಳವರಿಗೆ ಮೊದಲ ದಿನದಿಂದಲೇ ಕೆಲಸಕ್ಕೆ ಬಾಗಿಲು ತೆರೆದದ್ದು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ. ಜರ್ಮನಿ ಏಳು ವರ್ಷ ತಡೆದಿತ್ತು. ವರ್ಷಕ್ಕೆ ಹೆಚ್ಚೆಂದರೆ 13,000 ಜನ ಬಂದಾರು ಅಂತ ಬ್ರಿಟನ್ನಿನ ಲೆಕ್ಕ. 2011ರ ಜನಗಣತಿ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೋಲಿಷ್ ಮುಖ್ಯ ಭಾಷೆಯಾದವರೇ ಐದು ಲಕ್ಷಕ್ಕೂ ಜಾಸ್ತಿ.

ನನ್ನ ಪಕ್ಕದ ಮನೆಯಾಕೆ ಅವರಲ್ಲಿ ಒಬ್ಬರು. ಊರಲ್ಲಿ ಗಣಿತದ ಟೀಚರ್. ಇಲ್ಲಿ ಬೆಳಗಿನ ಜಾವ ಐದಕ್ಕೆ ವ್ಯಾನ್ ಹತ್ತಿ ತರಕಾರಿ ಪ್ಯಾಕ್ ಮಾಡಲು ಹೋಗುತ್ತಿದ್ದರು. ಕ್ಯಾರೆಟ್ ತೊಳೆದೂ ತೊಳೆದೂ ಬೆರಳ ತುದಿಯೆಲ್ಲ ಒಡೆದಿತ್ತು. ಒಂಬತ್ತು ವರ್ಷದ ಮಗ ಅಜ್ಜಿ ಹತ್ತಿರ. ರಾತ್ರಿ ಊಟಕ್ಕೆ ಲ್ಯಾಪ್‌ಟಾಪನ್ನು ಎದುರಿನ ಕುರ್ಚಿಯ ಜಾಗದಲ್ಲಿ ಇಟ್ಟುಕೊಂಡು, ಸ್ಕೈಪ್‌ನಲ್ಲಿ ಮಗ ತಿನ್ನುವುದನ್ನು ನೋಡುತ್ತಾ ತಾವೂ ತಿನ್ನುತ್ತಿದ್ದರು. ಇಂಥ ಮಕ್ಕಳಿಗೆ ಪೋಲೆಂಡಿನಲ್ಲಿ ಒಂದು ಹೆಸರೇ ಹುಟ್ಟಿಕೊಂಡಿದೆ: ಯುರೋ ಅನಾಥರು.

ಕ್ರಿಸ್‌ಮಸ್ ಹಿಂದಿನ ಸಂಜೆ ನನ್ನನ್ನು ಊಟಕ್ಕೆ ಕರೆದರು. ನಾನು ಸಸ್ಯಾಹಾರಿ, ಹಿಂದೆಮುಂದೆ ನೋಡಿದೆ. ಇವತ್ತು ನಾವೂ ಮಾಂಸ ಮುಟ್ಟುವುದಿಲ್ಲ ಅಂದರು. ಮೀನು ಇತ್ತು, ಅದನ್ನು ಅವರೇ ಆ ಕಡೆ ಸರಿಸಿದರು. ಮೇಜುಬಟ್ಟೆ ಕೆಳಗೆ ಒಂದು ಹಿಡಿ ಹುಲ್ಲು. ಕೆಂಪಗಿನ ಬೀಟ್‌ರೂಟ್ ಸಾರು, ಅಣಬೆ ತುಂಬಿದ ಕಡುಬು, ಗಸಗಸೆಯ ಸಿಹಿ. ಊಟಕ್ಕೆ ಮೊದಲು ತೆಳ್ಳನೆಯ ಬಿಳಿ ಹಪ್ಪಳದಂಥದ್ದನ್ನು ಒಬ್ಬರಿಗೊಬ್ಬರು ಮುರಿದು ಕೊಟ್ಟು ಹಾರೈಸುತ್ತಾರೆ. ಒಂದು ತಟ್ಟೆ ಖಾಲಿ ಇತ್ತು. ಯಾರಿಗೆ ಅಂತ ಕೇಳಿದೆ. ಕರೆಯದೆ ಬರುವ ಅತಿಥಿಗೆ, ಪ್ರತಿ ವರ್ಷ ಇಡುತ್ತೇವೆ ಅಂದರು. ನನ್ನನ್ನು ಕರೆದಿದ್ದರು, ಆದರೂ ಅದೇ ತಟ್ಟೆಯ ಮುಂದೆ ಕೂರಿಸಿದರು. ಆ ದೇಶದಲ್ಲಿ ನನಗೆ ಮೊದಲು 'ಕೂತ್ಕೊಳ್ಳಿ' ಅಂದ ಮನೆ ಅದು.

ಅದಕ್ಕೇ ನನಗೆ 2015 ಬಹಳ ನೋವು ಕೊಟ್ಟಿತು. ಸಿರಿಯಾ ಮತ್ತಿತರ ದೇಶಗಳಿಂದ ಓಡಿಬಂದವರಲ್ಲಿ 1,20,000 ಜನರನ್ನು ಹಂಚಿಕೊಳ್ಳೋಣ ಅಂದಾಗ ಹಂಗೇರಿ, ಝೆಕ್, ಸ್ಲೊವಾಕಿಯಾ, ರೊಮೇನಿಯಾ ವಿರುದ್ಧ ಮತ ಹಾಕಿದವು. ಪೋಲೆಂಡ್ ಮೊದಲು ಒಪ್ಪಿ, ಸರ್ಕಾರ ಬದಲಾದ ಮೇಲೆ ಹಿಂದೆ ಸರಿಯಿತು. 1956ರಲ್ಲಿ ಸೋವಿಯತ್ ಸೇನೆ ನುಗ್ಗಿದಾಗ ಹಂಗೇರಿಯಿಂದಲೇ ಸುಮಾರು ಎರಡು ಲಕ್ಷ ಜನ ಓಡಿಹೋಗಿದ್ದರಲ್ಲ, ಅವರಿಗೆ ಯಾರೋ ಬಾಗಿಲು ತೆರೆದಿದ್ದರು, ಅಲ್ವಾ? ಈ ದೇಶಗಳು ಬಾಗಿಲು ಹಾಕಿದ್ದನ್ನು ನಾನು ಸಮರ್ಥಿಸುವುದಿಲ್ಲ. ಎರಡನೇ ಪಂಕ್ತಿಯಲ್ಲಿ ಕೂತು ಕೂತು ಸಿಟ್ಟಾದವರು ಮೂರನೆಯವರನ್ನು ಹೊರಗೆ ನಿಲ್ಲಿಸಿದರು. 2022ರಲ್ಲಿ ಉಕ್ರೇನಿನ ತಾಯಂದಿರಿಗೆ ಇದೇ ಪೋಲೆಂಡಿನ ಜನ ತಮ್ಮ ಮಲಗುವ ಕೋಣೆಯನ್ನೇ ಬಿಟ್ಟುಕೊಟ್ಟರು, ಅದನ್ನೂ ಹೇಳಬೇಕು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ ಅಂತ. ಬಾಲ್ಟಿಕ್ ದೇಶಗಳ ರಷ್ಯನ್ ಭಾಷಿಕರ ಬಗ್ಗೆ ಹೇಳಬೇಕಿತ್ತು, ಬಿಡುತ್ತೇನೆ. ಬ್ರೆಕ್ಸಿಟ್, ಅಂದರೆ ಬ್ರಿಟನ್ ಒಕ್ಕೂಟ ಬಿಟ್ಟದ್ದರ ಬಗ್ಗೆ ಒಂದೇ ಮಾತು: 2016ರಲ್ಲಿ ಅತಿ ಹೆಚ್ಚು, ಶೇ. 75ಕ್ಕೂ ಮೇಲೆ, 'ಹೊರಗೆ ಹೋಗೋಣ' ಅಂತ ಮತ ಹಾಕಿದ ಇಂಗ್ಲೆಂಡಿನ ಬೋಸ್ಟನ್ ಪಟ್ಟಣವೂ ಇಂಥದ್ದೇ ತರಕಾರಿ ಹೊಲಗಳ ಊರು. ಆ ವರ್ಷವೇ ನನ್ನ ನೆರೆಯಾಕೆ ಊರಿಗೆ ಮರಳಿದರು.

ಕೊನೆಯದಾಗಿ ಮ್ಯಾಸಿಡೋನಿಯಾ. 2005ರಿಂದ ಒಕ್ಕೂಟ ಸೇರಲು ಅಭ್ಯರ್ಥಿ. ಗ್ರೀಸ್ ತಕರಾರು ತೆಗೆಯಿತು ಅಂತ 2019ರಲ್ಲಿ ದೇಶದ ಹೆಸರನ್ನೇ ಉತ್ತರ ಮ್ಯಾಸಿಡೋನಿಯಾ ಅಂತ ಬದಲಿಸಿಕೊಂಡರು. ಅದೇ ವರ್ಷ ಫ್ರಾನ್ಸ್ ತಡೆಯಿತು. 2020ರಲ್ಲಿ ತಡೆದದ್ದು ಯಾರು? ಬಲ್ಗೇರಿಯಾ. 2007ರಲ್ಲಿ ಸೇರಿಯೂ, ಹಲವು ದೇಶಗಳಲ್ಲಿ ಮುಕ್ತವಾಗಿ ಕೆಲಸ ಮಾಡಲು 2014ರವರೆಗೆ ಕಾದ ಬಲ್ಗೇರಿಯಾ! ನಿಮ್ಮದು ಬೇರೆ ಭಾಷೆಯೇ ಅಲ್ಲ, ನಮ್ಮ ಭಾಷೆಯ ಒಂದು ರೂಪ ಅಂತ ಅವರ ವಾದ. ಕನ್ನಡದವರಾದ ನಮಗೆ ಯಾರಾದರೂ ಹಾಗಂದರೆ ಹೇಗಿರುತ್ತದೆ? ಮನೆಯಲ್ಲಿ ಅಮ್ಮನ ಹತ್ತಿರ ಆಡುವ ಮಾತಿನ ಹೆಸರು ಬಿಟ್ಟು ಒಳಗೆ ಬನ್ನಿ ಅಂದರೆ ಯಾರು ಬರುತ್ತಾರೆ? ಉಳಿದದ್ದನ್ನು ಟೀ ಕುಡಿಯುತ್ತಾ ಮಾತಾಡೋಣ, ನಾನು ಇಲ್ಲೇ ಇರುತ್ತೇನೆ.