ಕೈಗೆ ಕಡಿಮೆ, ಕಿವಿಗೆ ಹೆಚ್ಚು: ಊಟದ ಡಬ್ಬಿಯಲ್ಲಿ ಕಟ್ಟಿದ ಮಿಡಿ ಕಂಟ್ರೋಲರ್ ಮತ್ತು ಮನೆಯ ಸ್ಟುಡಿಯೋ

[ದೃಶ್ಯ: ಮೇಜಿನ ಮೇಲೆ ಪ್ಲಾಸ್ಟಿಕ್ ಊಟದ ಡಬ್ಬಿ. ಮುಚ್ಚಳದಲ್ಲಿ ನಾಲ್ಕು ತಿರುಗುವ ಗುಂಡಿ, ಎಂಟು ಬಟನ್, ಉದ್ದಕ್ಕೆ ಜಾರುವ ಗುಂಡಿ ಒಂದು. ಬೆರಳು ಅದನ್ನು ಮೆಲ್ಲನೆ ಮೇಲೆ ತಳ್ಳುತ್ತದೆ. ಷಡ್ಜದಿಂದ ಪಂಚಮಕ್ಕೆ ಒಂದು ಜಾರು ಕೇಳಿಸುತ್ತದೆ.]

ನಮಸ್ಕಾರ. ಈಗ ನೀವು ಕೇಳಿದ್ದು ಈ ಡಬ್ಬಿಯ ದನಿಯಲ್ಲ. ಡಬ್ಬಿಗೆ ದನಿಯೇ ಇಲ್ಲ. ಒಳಗೆ ಸ್ಪೀಕರ್ ಇಲ್ಲ, ಶ್ರುತಿ ಮಾಡುವ ತಂತಿಯೂ ಇಲ್ಲ. ನನ್ನ ಬೆರಳು ಎಲ್ಲಿದೆ ಎಂಬುದನ್ನು ಅಂಕಿಯಾಗಿಸಿ ಕಂಪ್ಯೂಟರಿಗೆ ಹೇಳುವುದಷ್ಟೇ ಇದರ ಕೆಲಸ. ಆ ಅಂಕಿಗಳ ಭಾಷೆಗೆ ಮಿಡಿ ಎಂದು ಹೆಸರು. ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರಗಳು ಸೇರಿ ಆದ ಹೆಸರು ಅದು. ಆದರೆ ಕನ್ನಡದಲ್ಲಿ ತಂತಿಯನ್ನು ಬೆರಳಿನಿಂದ ಮೀಟುವುದಕ್ಕೂ ಮಿಡಿಯುವುದು ಎನ್ನುತ್ತೇವೆ. ಈ ಹೊಂದಿಕೆ ನನಗೆ ಬಹಳ ಇಷ್ಟ.

1983ರ ಜನವರಿಯಲ್ಲಿ ಅಮೆರಿಕದ ಆನಹೈಮ್‌ನ ವಾದ್ಯಗಳ ಮೇಳದಲ್ಲಿ ಎರಡು ಸಿಂಥಸೈಜರ್‌ಗಳನ್ನು, ಅಂದರೆ ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯಗಳನ್ನು, ಒಂದು ಕೇಬಲ್ಲಿನಿಂದ ಜೋಡಿಸಿ ತೋರಿಸಿದರು. ಒಂದು ಜಪಾನಿನ ರೋಲ್ಯಾಂಡ್ ಕಂಪನಿಯದು, ಇನ್ನೊಂದು ಅಮೆರಿಕದ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್‌ನದು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು. ಪೈಪೋಟಿಯಲ್ಲಿದ್ದ ಕಂಪನಿಗಳು ಒಂದೇ ಭಾಷೆಗೆ ಒಪ್ಪಿದ್ದವು. ಇದಕ್ಕೆ ಮುಂದಾಳಾದ ಇಕುತಾರೊ ಕಾಕೆಹಾಶಿ ಮತ್ತು ಡೇವ್ ಸ್ಮಿತ್ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಸಂದಿತು. ಅಂದಿನ ಆ ಭಾಷೆಯನ್ನೇ ಈ ಊಟದ ಡಬ್ಬಿಯೂ ಆಡುತ್ತದೆ.

[ತೆರೆಯ ಮೇಲೆ ದೊಡ್ಡದಾಗಿ: 144, 60, 100]

ಮಾತು ಇಷ್ಟು ಚಿಕ್ಕದು. 144 ಎಂದರೆ ಒಂದನೆಯ ಚಾನೆಲ್ಲಿನಲ್ಲಿ, ಅಂದರೆ ಒಂದನೆಯ ವಾದ್ಯದ ಸಾಲಿನಲ್ಲಿ, ಸ್ವರ ಶುರುವಾಗಲಿ. 60 ಎಂದರೆ ಯಾವ ಸ್ವರ: ಹಾರ್ಮೋನಿಯಂ ನುಡಿಸುವವರು ಬಿಳಿ ಒಂದು ಎನ್ನುತ್ತಾರಲ್ಲ, ಮಧ್ಯ ಸಪ್ತಕದ ಆ ಸ್ವರ. 100 ಎಂದರೆ ಎಷ್ಟು ಜೋರಾಗಿ ಒತ್ತಿದಿರಿ ಎಂಬುದು, 127ಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಹಳೆಯ ಐದು ಪಿನ್ನಿನ ಕೇಬಲ್ಲಿನಲ್ಲಿ ಸೆಕೆಂಡಿಗೆ 31,250 ಬಿಟ್ ಓಡುತ್ತವೆ. ಅಲ್ಲಿಯೂ ಈ ಮೂರು ಅಂಕಿ ತಲುಪಲು ಒಂದು ಮಿಲಿಸೆಕೆಂಡ್ ಸಾಕು.

ಈಗ ಹಣದ ವಿಷಯಕ್ಕೆ ಬರುತ್ತೇನೆ. ಇಪ್ಪತ್ತು ರೂಪಾಯಿಯ ಗುಂಡಿ ಕಳಿಸುವ 100ಕ್ಕೂ ಇಪ್ಪತ್ತು ಸಾವಿರದ ಕಂಟ್ರೋಲರ್ ಕಳಿಸುವ 100ಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಅಂಕಿಗೆ ಅಗ್ಗ, ತುಟ್ಟಿ ಎಂಬುದಿಲ್ಲ. ಮೈಕ್ ಹಾಗಲ್ಲ. ಕಳಪೆ ಮೈಕಿನ ಸದ್ದು ಹಾಡಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಆದ್ದರಿಂದ ಕೈ ಮುಟ್ಟುವುದನ್ನು ನಾವೇ ಕಟ್ಟಿಕೊಳ್ಳೋಣ, ಕಿವಿಗೆ ಬೀಳುವುದಕ್ಕೆ ಹಣ ಹಾಕೋಣ. ಕೈಯಲ್ಲಿ ಹದಿನೈದು ಸಾವಿರವಿದ್ದರೆ ಹದಿನಾಲ್ಕನ್ನು ಕಿವಿಯ ಕಡೆಗೆ ಎತ್ತಿಡಿ ಎನ್ನುತ್ತೇನೆ.

ಕಿವಿಯ ಕಡೆ ಮೂರು ವಸ್ತು: ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ (ಮೈಕಿನ ಸದ್ದನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆ), ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್, ಒಂದು ಮೈಕ್. ಮೈಕಿನಲ್ಲಿ ನನ್ನ ಆಯ್ಕೆ ಡೈನಮಿಕ್. ಕಂಡೆನ್ಸರ್ ಮೈಕ್ ಸೂಕ್ಷ್ಮ, ನಿಜ. ಅದಕ್ಕೆ ಇಂಟರ್‌ಫೇಸಿನಿಂದ 48 ವೋಲ್ಟ್ ಬೇಕು, ಅದನ್ನೂ ಕೊಡಬಹುದು. ಆದರೆ ಆ ಸೂಕ್ಷ್ಮತೆ ಪಕ್ಕದ ಮನೆಯ ಕುಕ್ಕರಿನ ಸೀಟಿಯನ್ನೂ ಬಿಡುವುದಿಲ್ಲ. ಬಾಯಿಗೆ ನಾಲ್ಕು ಬೆರಳಿನ ದೂರದಲ್ಲಿ ಹಿಡಿದ ಡೈನಮಿಕ್ ಮೈಕ್ ನಮ್ಮ ಮನೆಗಳಿಗೆ ಹೊಂದುತ್ತದೆ.

[ದೃಶ್ಯ: ಹಗ್ಗಕ್ಕೆ ಇಳಿಬಿಟ್ಟ ಕೌದಿ, ಅದರ ಮುಂದೆ ಮೈಕ್]

ಕೋಣೆಗೆ ಒಂದು ಕೌದಿ ಸಾಕು. ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು ಹೊಲಿದ, ಅಜ್ಜಿ ಕೊಟ್ಟ ದಪ್ಪನೆಯ ಕೌದಿ. ಇದನ್ನು ಹಾಡುವವರ ಬೆನ್ನ ಹಿಂದೆ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಇಳಿಬಿಡಿ. ಮೈಕ್ ಮುಖ ಮಾಡಿರುವುದು ಆ ಕಡೆಗೇ, ಹಾಗಾಗಿ ಗೋಡೆಗೆ ಬಡಿದು ಬರುವ ಸದ್ದು ಅಲ್ಲೇ ಅಡಗುತ್ತದೆ. ಬಟ್ಟೆ ಹೀರುವುದು ಎತ್ತರದ ಸದ್ದುಗಳನ್ನು ಮಾತ್ರ. ಕೆಳಗಿನ ಗುಂಯ್‌ಗುಡುವಿಕೆಗೆ ಇದರಿಂದ ಉಪಾಯವಿಲ್ಲ. ಅದಕ್ಕಾಗಿ ಕೋಣೆಯ ನಟ್ಟನಡುವೆಯೂ ಮೂಲೆಯಲ್ಲೂ ನಿಲ್ಲಬೇಡಿ. ಫ್ಯಾನ್ ಆರಿಸಿ.

ತಂತ್ರಾಂಶದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೆಕಾರ್ಡಿಂಗಿಗೆ ರೀಪರ್ (Reaper) ಅಥವಾ ಆರ್ಡರ್ (Ardour), ಡಬ್ಬಿಯ ಅಂಕಿಗಳನ್ನು ದನಿಯಾಗಿಸಲು ಉಚಿತವಾಗಿ ಸಿಗುವ ಸರ್ಜ್ ಎಕ್ಸ್‌ಟಿ (Surge XT) ಎಂಬ ಸಿಂಥಸೈಜರ್. ಬಫರ್ ಮಾತ್ರ, ಅಂದರೆ ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕುಗಳ (ಸ್ಯಾಂಪಲ್) ಸಂಖ್ಯೆಯನ್ನು, 128ಕ್ಕೆ ಇಡಿ. ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ ಅದು 2.7 ಮಿಲಿಸೆಕೆಂಡ್ ಆಗುತ್ತದೆ. ಬಫರ್ ಬೆಳೆದಷ್ಟೂ ಬೆರಳು ಒತ್ತಿದ ಮೇಲೆ ಸ್ವರ ತಡವಾಗಿ ಬರುತ್ತದೆ, ತಾಳ ಹಿಡಿಯುವುದು ಕಷ್ಟವಾಗುತ್ತದೆ.

ಇನ್ನು ಡಬ್ಬಿ.

[ದೃಶ್ಯ: ಬಿಡಿಭಾಗಗಳು ಹತ್ತಿರದಿಂದ]

ಗುಂಡಿಗಳನ್ನು ಓದಿ ಕಂಪ್ಯೂಟರಿಗೆ ಅಂಕಿ ಕಳಿಸುವ ಪುಟ್ಟ ಸರ್ಕ್ಯೂಟ್ ಬೋರ್ಡ್ ಆರಿಸುವಾಗ ಎಚ್ಚರ. ಎಲ್ಲರ ಬಾಯಲ್ಲಿರುವ ಆರ್ಡುಯಿನೊ ಊನೋ ಇಲ್ಲಿಗೆ ಒದಗುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸಿದರೆ ಕಂಪ್ಯೂಟರ್ ಅದನ್ನು ಮಿಡಿ ಸಾಧನವೆಂದು ನೇರವಾಗಿ ಗುರುತಿಸುವುದಿಲ್ಲ. ಎಟಿಮೆಗಾ 32ಯು4 ಚಿಪ್ ಇರುವ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ಕೇಳಿ. ನಾನು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಅಲೆದು ಎಲ್ಲವನ್ನೂ ತಂದೆ. ಬೋರ್ಡ್, ಗುಂಡಿಗಳು, ಬಟನ್, ವೈರ್ ಸೇರಿ ಸಾವಿರ ರೂಪಾಯಿಯೊಳಗೆ ಮುಗಿಯಿತು.

ತಿರುಗುವ ಗುಂಡಿಗೆ ಅಂಗಡಿಯಲ್ಲಿ ವಾಲ್ಯೂಮ್ ಕಂಟ್ರೋಲ್ ಎಂದರೆ ತಿಳಿಯುತ್ತದೆ. ಮೈಮೇಲೆ ಬಿ10ಕೆ ಎಂದು ಬರೆದಿರುವುದನ್ನೇ ನೋಡಿ ತನ್ನಿ. ಎ ಎಂದಿದ್ದರೆ ತಿರುವಿದಷ್ಟಕ್ಕೆ ಸಮನಾಗಿ ಅಂಕಿ ಏರುವುದಿಲ್ಲ, ಒಂದು ತುದಿಯಲ್ಲಿ ಒಮ್ಮೆಲೇ ನುಗ್ಗುತ್ತದೆ. ಇದಕ್ಕೆ ಮೂರು ಕಾಲು. ಹೊರಗಿನ ಒಂದು ಕಾಲಿಗೆ 5 ವೋಲ್ಟ್, ಇನ್ನೊಂದಕ್ಕೆ ಗ್ರೌಂಡ್, ನಡುವಿನದು ಬೋರ್ಡಿನ ಅನಲಾಗ್ ಪಿನ್ನಿಗೆ. ಬಟನ್ನಿಗೆ ಇನ್ನೂ ಸುಲಭ: ಒಂದು ಕಾಲು ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ಮುಚ್ಚಳಕ್ಕೆ 7 ಮಿ.ಮೀ. ತೂತು ಕೊರೆದರೆ ಗುಂಡಿಯ ಕತ್ತು ಸರಿಯಾಗಿ ಕೂರುತ್ತದೆ. ನನ್ನ ಮೊದಲ ಪೆಟ್ಟಿಗೆ ಬಿಸ್ಕತ್ತಿನ ತಗಡಿನ ಡಬ್ಬಿಯಾಗಿತ್ತು. ಬೆಸುಗೆ ಹಾಕಿದ ಕಾಲೊಂದು ತಗಡಿಗೆ ತಾಗಿ ಶಾರ್ಟ್ ಆಯಿತು. ತಗಡು ಬಳಸುವವರು ಒಳಗೆ ದಪ್ಪ ರಟ್ಟು ಹಾಸಿ.

ಜೋಡಿಸಿದ ಕೂಡಲೇ ಎರಡು ತೊಂದರೆ ಎದುರಾಗುತ್ತವೆ. ಬೋರ್ಡ್ ಗುಂಡಿಯನ್ನು 0ಯಿಂದ 1023ರವರೆಗೆ ಓದುತ್ತದೆ, ನಾವು ಅದನ್ನು 8ರಿಂದ ಭಾಗಿಸಿ 127ಕ್ಕೆ ಇಳಿಸುತ್ತೇವೆ. ಗುಂಡಿಯನ್ನು ಯಾರೂ ಮುಟ್ಟದಿದ್ದರೂ ಓದಿದ ಅಂಕಿ 511, 512, 511 ಎಂದು ನಡುಗುತ್ತಿರುತ್ತದೆ. ಭಾಗಿಸಿದಾಗ ಅದು 63, 64, 63 ಆಗುತ್ತದೆ. ದನಿ ತಾನಾಗಿಯೇ ಅಲುಗುತ್ತದೆ. ಆದ್ದರಿಂದ ಹಿಂದಿನ ಓದಿಗಿಂತ ನಾಲ್ಕಕ್ಕೂ ಹೆಚ್ಚು ಬದಲಾದರೆ ಮಾತ್ರ ಕಳಿಸು ಎಂದು ಪ್ರೋಗ್ರಾಮಿನಲ್ಲಿ ಬರೆಯಿರಿ. ಬಟನ್ನಿನದು ಬೇರೆ ಕಥೆ. ಒಳಗಿನ ಲೋಹ ತಾಗುವಾಗ ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ, ಒಮ್ಮೆ ಒತ್ತಿದರೆ ಸ್ವರ ಮೂರು ಬಾರಿ ಬರುತ್ತದೆ. ಮೊದಲ ತಾಗುವಿಕೆಗೆ ಸ್ವರ ಕಳಿಸಿ, ಮುಂದಿನ 10 ಮಿಲಿಸೆಕೆಂಡ್ ಏನೇ ಆದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಪುಟಿತ ನಿಲ್ಲಲಿ ಎಂದು ಮೊದಲೇ ಕಾದರೆ ಸ್ವರ ತಡವಾಗುತ್ತದೆ.

[ದೃಶ್ಯ: ಜಾರುವ ಗುಂಡಿ, ಪಕ್ಕದಲ್ಲಿ ಸ್ಕೇಲ್]

ಇಷ್ಟೆಲ್ಲ ಮಾಡಿದ್ದು ಹಣ ಉಳಿಸಲಿಕ್ಕಷ್ಟೇ ಅಲ್ಲ. ಅಂಗಡಿಯ ಕಂಟ್ರೋಲರ್‌ಗಳು ಹೆಚ್ಚಾಗಿ ಪಿಯಾನೋ ಆಕಾರದವು. ಅವುಗಳಲ್ಲಿ ಸ್ವರದಿಂದ ಸ್ವರಕ್ಕೆ ನೆಗೆಯಬಹುದು, ನಡುವಿನ ದಾರಿಯಲ್ಲಿ ನಡೆಯಲು ಪಕ್ಕದಲ್ಲೊಂದು ಪುಟ್ಟ ಗಾಲಿ ಮಾತ್ರ. ನಮ್ಮ ಸಂಗೀತ ಇರುವುದೇ ಆ ನಡುವಿನ ದಾರಿಯಲ್ಲಿ. ಬೆಂಗಳೂರಿನಲ್ಲಿ ಎಂಜಿನಿಯರೂ ಸಂಗೀತಗಾರರೂ ಆದ ಜಿ. ರಾಜ್ ನಾರಾಯಣ್ ಅವರು ರಾಡೆಲ್ ಹೆಸರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ನಮ್ಮ ಸಂಗೀತಕ್ಕೆ ಏನು ಬೇಕೆಂದು ಬಲ್ಲವರು ಕಟ್ಟಿದ ಯಂತ್ರ ಅದು. ನನ್ನ ಜಾರುವ ಗುಂಡಿಗೆ ಅದೇ ಪ್ರೇರಣೆ.

ಮಿಡಿಯಲ್ಲಿ ಸ್ವರವನ್ನು ಬಗ್ಗಿಸುವ ಸಂದೇಶಕ್ಕೆ ಪಿಚ್ ಬೆಂಡ್ ಎನ್ನುತ್ತಾರೆ. ಉಳಿದವಕ್ಕೆ 128 ಮೆಟ್ಟಿಲಾದರೆ ಇದಕ್ಕೆ 16,384. ನಟ್ಟನಡುವಿನ 8192 ಎಂದರೆ ಬಗ್ಗಿಲ್ಲ ಎಂದರ್ಥ. ಸಿಂಥಸೈಜರ್‌ಗಳು ಸಾಮಾನ್ಯವಾಗಿ ಎರಡು ಅರ್ಧಸ್ವರದಷ್ಟೇ (ಹಾರ್ಮೋನಿಯಂನಲ್ಲಿ ಕರಿ, ಬಿಳಿ ಸೇರಿ ಒಂದು ಮನೆಯಿಂದ ಪಕ್ಕದ ಮನೆಗೆ ಒಂದು ಅರ್ಧಸ್ವರ) ಬಗ್ಗುತ್ತವೆ. ಅದನ್ನು ಏಳಕ್ಕೆ ಏರಿಸಿ. ಈಗ ಗುಂಡಿಯ ನಡುವೆ ಷಡ್ಜ, ಮೇಲಿನ ತುದಿಯಲ್ಲಿ ಪಂಚಮ, ಕೆಳಗಿನ ತುದಿಯಲ್ಲಿ ಮಂದ್ರದ ಶುದ್ಧ ಮಧ್ಯಮ. ಗುಂಡಿಯ ಓಟ 60 ಮಿ.ಮೀ., ಅದರಲ್ಲಿ ಹದಿನಾಲ್ಕು ಅರ್ಧಸ್ವರ. ಅಂದರೆ ಒಂದೊಂದಕ್ಕೆ ನಾಲ್ಕು ಮಿ.ಮೀ.ಗಿಂತ ತುಸು ಹೆಚ್ಚು. ಇಷ್ಟು ಜಾಗದಲ್ಲಿ ಬೆರಳಿಗೆ ಸ್ವರಸ್ಥಾನ ಕಲಿಸಲು ನನಗೆ ಮೂರು ವಾರ ಬೇಕಾಯಿತು. ನಡುವಿನ ಎರಡು ಮಿ.ಮೀ.ಯಷ್ಟು ಜಾಗ ಎಲ್ಲಿದ್ದರೂ 8192 ಎಂದೇ ಕಳಿಸುವಂತೆ ಬರೆದಿದ್ದೇನೆ, ಷಡ್ಜ ಅಲುಗಬಾರದು. ಇನ್ನೊಂದು ವಿಷಯ: ಬೆಂಡ್ ಒಂದು ಚಾನೆಲ್ಲಿನ ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಗ್ಗಿಸುತ್ತದೆ. ತಂಬೂರಿಯನ್ನು ಬೇರೆ ಚಾನೆಲ್ಲಿಗೆ ಹಾಕದಿದ್ದರೆ ಶ್ರುತಿಯೇ ಜಾರಿಹೋಗುತ್ತದೆ.

ಈಗ ತೋಡಿ ರಾಗದ ಗಾಂಧಾರ ಕೇಳಿ. ಮೊದಲು ಬಟನ್ನಿನಲ್ಲಿ, ಸ್ವರಸಂಖ್ಯೆ 63.

[ಸದ್ದು: ಕದಲದ ಸಾಧಾರಣ ಗಾಂಧಾರ, ನಾಲ್ಕು ಸೆಕೆಂಡ್]

ಸ್ವರ ಸರಿಯಾಗಿದೆ, ತೋಡಿ ಇಲ್ಲ. ಈಗ 60ನ್ನು ಒತ್ತಿ ಹಿಡಿದು ಗುಂಡಿಯನ್ನು ಆಡಿಸುತ್ತೇನೆ. ನಡುವಿನಿಂದ 4 ಮಿ.ಮೀ. ಮೇಲೆ ಶುದ್ಧ ರಿಷಭವಿದೆ, 21 ಮಿ.ಮೀ. ಮೇಲೆ ಶುದ್ಧ ಮಧ್ಯಮವಿದೆ. ಗಾಂಧಾರ ಈ ಎರಡರ ನಡುವೆ ತೂಗುತ್ತದೆ. ಹೆಡ್‌ಫೋನ್ ಹಾಕಿಕೊಳ್ಳಿ.

[ಸದ್ದು: ತಂಬೂರಿ. ಬೆರಳು ಗುಂಡಿಯ ಮೇಲೆ. ತೋಡಿಯ ಗಾಂಧಾರ. ಮಾತಿಲ್ಲದೆ ಒಂದು ನಿಮಿಷದ ಆಲಾಪನೆ, ನಂತರ ತೆರೆ ಕಪ್ಪಾಗುತ್ತದೆ.]