ಅಕ್ಷರಕ್ಕೊಂದು ನಡುಕ ಏಕೆ?

ನಮಸ್ಕಾರ. ಕಳೆದ ಸೆಪ್ಟೆಂಬರಿನಲ್ಲಿ, ಮಳೆ ಸ್ವಲ್ಪ ಹೊಳವಾಗಿದ್ದ ಒಂದು ಭಾನುವಾರ, ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಹೋಗಿದ್ದೆ. ಅಪ್ಪಯ್ಯ ಬೆಳಗಿನಿಂದ ತೋಟದಲ್ಲಿ ಹುಲ್ಲು ಹೊಡೆಯುತ್ತಿದ್ದರು. ವೀಡ್ ಕಟರಿನ ಸದ್ದು ನಿಂತ ಹತ್ತು ನಿಮಿಷಕ್ಕೆ ಮೇಲೆ ಬಂದರು, ಕಾಲು ತೊಳೆದುಕೊಂಡರು, ಜಗುಲಿಯ ಮೇಲೆ ಕುಳಿತು ಕಾಫಿ ಲೋಟ ಹಿಡಿದರು. ಲೋಟದೊಳಗಿನ ಕಾಫಿ ಸಣ್ಣಗೆ ನಡುಗುತ್ತಿತ್ತು. ಯಂತ್ರ ನಿಂತರೂ ಕೈಯೊಳಗೆ ಅದು ಇನ್ನೂ ಓಡುತ್ತಲೇ ಇರುತ್ತದೆ. ತೋಟದ ಕೆಲಸ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆರಳುಗಳಿಗೆ ಜೋಮು ಹಿಡಿದಿರುತ್ತದೆ, ಅಂಗಿಯ ಗುಂಡಿ ಹಾಕಿಕೊಳ್ಳಲೂ ಹೊತ್ತು ಹಿಡಿಯುತ್ತದೆ.

ಅಷ್ಟರಲ್ಲಿ ಅಡಿಕೆ ಮರ ಹತ್ತುವ ಕೊನೆಗಾರನಿಂದ ಸಂದೇಶ ಬಂತು. ಮಳೆ ಬಿಟ್ಟಿದೆಯಲ್ಲ, ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಯಾವತ್ತು ಬರಲಿ ಎಂದು. ಅಪ್ಪಯ್ಯ ಬರೆಯಬೇಕಾಗಿದ್ದುದು ಎರಡೇ ಪದ: ಗುರುವಾರ ಬಾ. ಮೂರು ಸಲ ಒತ್ತಿದರು, ನಿಲ್ಲಿಸಿದರು, ಫೋನನ್ನು ಜಗುಲಿಯ ಮೇಲೆ ಇಟ್ಟುಬಿಟ್ಟರು. "ಇದೂ ಕೈಯೊಳಗೆ ಗುಂಯ್‌ಗುಡುತ್ತದೆ ಮಾರಾಯ. ನೀನೇ ಬರೆ" ಎಂದರು.

ನಾನು ಶಿವಮೊಗ್ಗದ ಒಂದು ದಿನಪತ್ರಿಕೆಯಲ್ಲಿ ವರದಿಗಾರ. ವರದಿಗಳಲ್ಲಿ ಅರ್ಧಕ್ಕರ್ಧ ಮೊಬೈಲಿನಲ್ಲೇ ಬರೆಯುತ್ತೇನೆ. ಮಂಡಗದ್ದೆ ದಾಟಿ ಗಾಜನೂರು ಬರುವಷ್ಟರಲ್ಲಿ ಬಸ್ಸಿನಲ್ಲೇ ಒಂದು ಸುದ್ದಿ ಮುಗಿದಿರುತ್ತದೆ. ಅಕ್ಷರ ಒತ್ತಿದಾಗಲೆಲ್ಲ ಬರುವ ಕೀಲಿಮಣೆಯ ನಡುಕ ನನ್ನ ಹೆಬ್ಬೆರಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಇದೆಯೆಂಬುದೇ ಮರೆತುಹೋಗಿತ್ತು. ಅಪ್ಪಯ್ಯನ ಆ ಮಾತು ಕೇಳಿದ ಮೇಲೆ ಅವರ ಫೋನನ್ನು ಕೈಗೆತ್ತಿಕೊಂಡು, ಬೇಕೆಂದೇ ನಿಧಾನವಾಗಿ ಬರೆದೆ. ಗ, ಅದಕ್ಕೆ ಉಕಾರ, ರ, ಮತ್ತೆ ಉಕಾರ, ವ, ದೀರ್ಘ, ರ, ಖಾಲಿ ಜಾಗ, ಬ, ದೀರ್ಘ. ಹತ್ತು ಒತ್ತು, ಹತ್ತು ನಡುಕ. ಕೊನೆಗಾರನಿಗೆ ಒಂದು ದಿನ ಹೇಳಲು.

ಇದು ಕನ್ನಡದಲ್ಲಿ ಬರೆಯುವವರಿಗೆ ಮುಖ್ಯವಾದ ಸಂಗತಿ. ನಮ್ಮಲ್ಲಿ ಕಣ್ಣಿಗೆ ಕಾಣುವ ಒಂದು ಅಕ್ಷರಕ್ಕೆ ಎಷ್ಟೋ ಕಡೆ ಎರಡೋ ಮೂರೋ ಸಲ ಕೀಲಿ ಒತ್ತಬೇಕಾಗುತ್ತದೆ. ತೀರ್ಥಹಳ್ಳಿ ಎಂದು ಬರೆದು ನೋಡಿ. ಕಾಣುವುದು ತೀ, ರ್ಥ, ಹ, ಳ್ಳಿ ಎಂದು ನಾಲ್ಕೇ ಅಕ್ಷರ. ಒತ್ತಬೇಕಾದದ್ದು ಹತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಾದರೆ ಮಹಾಪ್ರಾಣಕ್ಕೆ ಶಿಫ್ಟ್ ಕೂಡ ಒತ್ತಬೇಕು, ಅದು ಇನ್ನೊಂದು. ಪದಕ್ಕೆ ಎಂಟೇ ಒತ್ತು ಎಂದು ಹಿಡಿದರೂ, 300 ಪದಗಳ ಒಂದು ವರದಿಗೆ ನನ್ನ ಬೆರಳು 2,400 ಸಲ ನಡುಗುತ್ತದೆ. ದಿನಕ್ಕೆ ಮೂರು ವರದಿ ಬರೆಯುವ ದಿನಗಳೂ ಇವೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮರ ಕೊಯ್ಯುವ, ರಸ್ತೆ ಕೊರೆಯುವ ಯಂತ್ರಗಳನ್ನು ವರ್ಷಗಟ್ಟಲೆ ಹಿಡಿದವರ ಕೈಯ ನರಗಳಿಗೂ ರಕ್ತನಾಳಗಳಿಗೂ ಪೆಟ್ಟಾಗುತ್ತದೆ, ಚಳಿಯಲ್ಲಿ ಬೆರಳ ತುದಿ ಬಿಳಿಚಿಕೊಳ್ಳುತ್ತದೆ. ಇದು ವೈದ್ಯರು ಗುರುತಿಸಿರುವ ಕಾಯಿಲೆ. ಫೋನಿನ ನಡುಕದಿಂದ ಅದು ಬರುತ್ತದೆ ಎಂದು ಯಾರಾದರೂ ನಿಮ್ಮನ್ನು ಹೆದರಿಸಿದರೆ ನಂಬಬೇಡಿ. ಆ ಯಂತ್ರಗಳ ಬಲದ ಮುಂದೆ ಫೋನಿನ ನಡುಕ ಏನೇನೂ ಅಲ್ಲ. ನನ್ನ ತಕರಾರು ಆರೋಗ್ಯದ್ದಲ್ಲ. ಆಗಲೇ ದಣಿದ ಕೈಗೆ ಯಾರೂ ಕೇಳದ ಇನ್ನೊಂದು ನಡುಕವನ್ನು ಏಕೆ ಕೊಡಬೇಕು ಎಂಬುದು ನನ್ನ ಪ್ರಶ್ನೆ.

ಅಪ್ಪಯ್ಯನ ಫೋನು 'ಗುಂಯ್' ಎನ್ನುವುದಕ್ಕೂ ನನ್ನ ಸಂಪಾದಕರ ಫೋನು 'ಟಿಕ್' ಎನ್ನುವುದಕ್ಕೂ ಕಾರಣವಿದೆ. ಕಡಿಮೆ ಬೆಲೆಯ ಅನೇಕ ಫೋನುಗಳ ಒಳಗಿರುವುದು ಒಂದು ಪುಟಾಣಿ ತಿರುಗುವ ಮೋಟಾರು. ಅದರ ಅಚ್ಚಿಗೆ ಒಂದೇ ಬದಿಗೆ ವಾಲಿದ ತೂಕ ಸಿಕ್ಕಿಸಿರುತ್ತಾರೆ. ತೂಕ ಸರಿಯಾಗಿ ಕೂರದ ಚಕ್ರ ತಿರುಗುವಾಗ ಇಡೀ ಗಾಡಿ ಹೇಗೆ ಅದುರುತ್ತದೆಯೋ ಹಾಗೆಯೇ ಫೋನೂ ಅದುರುತ್ತದೆ. ಈ ಮೋಟಾರು ವೇಗ ಹಿಡಿಯಲೂ ನಿಲ್ಲಲೂ ಸ್ವಲ್ಪ ಹೊತ್ತು ಬೇಕು. ಬೆರಳು ಮುಂದಿನ ಅಕ್ಷರಕ್ಕೆ ಹೋದ ಮೇಲೂ ಹಿಂದಿನದರ ಗುಂಯ್ ಉಳಿದಿರುತ್ತದೆ. ಬೆಲೆಬಾಳುವ ಫೋನುಗಳಲ್ಲಿ ಸ್ಪ್ರಿಂಗಿಗೆ ಕಟ್ಟಿದ ಒಂದು ತೂಕವನ್ನು ಕಾಂತಶಕ್ತಿಯಿಂದ ನೇರ ಗೆರೆಯಲ್ಲಿ ಹಿಂದೆ ಮುಂದೆ ಆಡಿಸುತ್ತಾರೆ. ಅದು ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುತ್ತದೆ. ಆ ಫೋನು ಹಿಡಿದವರು "ಏನು ಮಹಾ ತೊಂದರೆ, ಹಿತವಾಗಿಯೇ ಇದೆಯಲ್ಲ" ಎಂದರೆ ಅವರ ಮಾತೂ ನಿಜ. ಅವರ ಅನುಭವವೇ ಬೇರೆ.

ಇಷ್ಟು ಸಣ್ಣ ಮೋಟಾರು ನಮ್ಮನ್ನು ಇಷ್ಟು ತಾಕುವುದಕ್ಕೆ ನಮ್ಮ ಚರ್ಮವೂ ಕಾರಣ. ಬೆರಳು, ಅಂಗೈಗಳ ಚರ್ಮದ ಆಳದಲ್ಲಿ ಈರುಳ್ಳಿಯಂತೆ ಪದರ ಪದರವಾಗಿರುವ ನರತುದಿಗಳಿವೆ. 19ನೇ ಶತಮಾನದಲ್ಲಿ ಅವುಗಳನ್ನು ವಿವರಿಸಿದ ಇಟಲಿಯ ಫಿಲಿಪ್ಪೊ ಪಚೀನಿಯ ಹೆಸರೇ ಅವುಗಳಿಗಿದೆ. ಸೆಕೆಂಡಿಗೆ 200ರಿಂದ 300 ಬಾರಿ ಕಂಪಿಸುವುದೆಂದರೆ ಅವಕ್ಕೆ ತಕ್ಷಣ ಎಚ್ಚರ. ಫೋನಿನ ಮೋಟಾರುಗಳು ಕೆಲಸ ಮಾಡುವುದೂ ಹೆಚ್ಚುಕಡಿಮೆ ಅದೇ ಆಸುಪಾಸಿನಲ್ಲಿ. ಕಿವಿಗೆ ಕೇಳದ್ದು, ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ. ಅಂಥ ಸೂಕ್ಷ್ಮ ಅರಿವನ್ನು ಯಾವುದಕ್ಕೆ ಬಳಸಬೇಕು ಎನ್ನುವಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಅದನ್ನು ಸುದ್ದಿಗೆ ಮೀಸಲಿಡಬೇಕು.

ಮಲೆನಾಡಿನಲ್ಲಿ ಕುಳಿತು ಯೋಚಿಸಿ. ಆಷಾಢದಲ್ಲಿ ಹಂಚಿನ ಮೇಲೆ, ತಗಡಿನ ಶೀಟಿನ ಮೇಲೆ ಮಳೆ ಹೊಯ್ಯುವಾಗ ಪಕ್ಕದಲ್ಲಿದ್ದವರ ಮಾತೇ ಕೇಳುವುದಿಲ್ಲ, ಇನ್ನು ರಿಂಗಿನ ಸದ್ದೆಲ್ಲಿ? ತೋಟದಲ್ಲಿ ಹಳ್ಳದ ಸದ್ದು, ಯಂತ್ರದ ಸದ್ದು. ಶಿವಮೊಗ್ಗದಲ್ಲಿರುವ ಮಗ ಕರೆ ಮಾಡಿದ್ದಾನೆ ಎಂದು ಅಪ್ಪಯ್ಯನಿಗೆ ತಿಳಿಯುವುದು ಅಂಗಿಯ ಜೇಬಿನಲ್ಲಿ ಎದೆಗೆ ತಾಗಿದ ನಡುಕದಿಂದ. ಆ ನಡುಕ ಬೇಕೇ ಬೇಕು. ಊರಿನ ಶಾಲೆಯ ಗಂಟೆಯನ್ನು ಮಕ್ಕಳು ಸ್ಲೇಟಿನ ಮೇಲೆ ಬರೆಯುವ ಒಂದೊಂದು ಅಕ್ಷರಕ್ಕೂ ಬಾರಿಸುತ್ತಾ ಹೋದರೆ, ಮನೆಗೆ ಬಿಡುವ ಗಂಟೆ ಯಾವುದೆಂದು ಯಾರಿಗೆ ಗೊತ್ತಾಗುತ್ತದೆ? ಫೋನು ಬಾರದಿದ್ದರೂ ಬಂದಂತೆ ಜೇಬು ನಡುಗಿತೆಂದು ತಡಕಿ ನೋಡುವ ಅಭ್ಯಾಸ ನಮ್ಮಲ್ಲಿ ಎಷ್ಟೋ ಜನರಿಗೆ ಆಗಲೇ ಅಂಟಿದೆ. ನನಗೂ ಇದೆ.

ತೆಗೆಯುವುದು ಹೇಗೆ ಎಂದು ಹೇಳುತ್ತೇನೆ, ಏಕೆಂದರೆ ಅನೇಕರು ಅರ್ಧಕ್ಕೇ ಸೋಲುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಈ ನಡುಕಕ್ಕೆ ಎರಡು ಬೇರು. ಮೊದಲನೆಯದು ಫೋನಿನದೇ: ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ಮತ್ತು ವೈಬ್ರೇಷನ್ ಭಾಗಕ್ಕೆ ಹೋಗಿ, ವೈಬ್ರೇಷನ್ ಮತ್ತು ಹ್ಯಾಪ್ಟಿಕ್ಸ್ ಒಳಗೆ ಟಚ್ ಫೀಡ್‌ಬ್ಯಾಕ್ ಎಂಬುದನ್ನು ಆಫ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಇದಕ್ಕೆ ಸಿಸ್ಟಮ್ ವೈಬ್ರೇಷನ್ ಎಂದು ಹೆಸರು. ಬೇರೆ ಕಂಪನಿಗಳಲ್ಲಿ ಪದ ಅಷ್ಟಿಷ್ಟು ಬದಲಾಗಬಹುದು. ಎರಡನೆಯದು ಕೀಲಿಮಣೆಯದು, ಜನ ಮರೆಯುವುದು ಇದನ್ನೇ. ಗೂಗಲ್‌ನ ಕೀಲಿಮಣೆಯಾದ ಜಿಬೋರ್ಡ್ ಬಳಸುವವರು ಅದರ ಸೆಟ್ಟಿಂಗ್ಸ್ ತೆರೆದು, ಪ್ರಿಫರೆನ್ಸಸ್ ಒಳಗೆ ಹ್ಯಾಪ್ಟಿಕ್ ಫೀಡ್‌ಬ್ಯಾಕ್ ಆನ್ ಕೀಪ್ರೆಸ್ ಎಂಬುದನ್ನು ಆಫ್ ಮಾಡಬೇಕು. ಆಫ್ ಬೇಡ, ಕಡಿಮೆಯಾದರೆ ಸಾಕು ಎನ್ನುವವರಿಗೆ ಅಲ್ಲೇ ಬಲ ಹೊಂದಿಸುವ ಗೆರೆಯೂ ಇದೆ.

ಐಫೋನಿನಲ್ಲಿ ಸೌಂಡ್ಸ್ ಮತ್ತು ಹ್ಯಾಪ್ಟಿಕ್ಸ್, ಅದರೊಳಗೆ ಕೀಬೋರ್ಡ್ ಫೀಡ್‌ಬ್ಯಾಕ್, ಅಲ್ಲಿ ಹ್ಯಾಪ್ಟಿಕ್. ಆಕ್ಸೆಸಿಬಿಲಿಟಿಯ ಟಚ್ ಭಾಗದಲ್ಲಿ ಇನ್ನೊಂದು ವೈಬ್ರೇಷನ್ ಗುಂಡಿ ಇದೆ, ಅದನ್ನು ಮಾತ್ರ ಮುಟ್ಟಬೇಡಿ. ಅದು ಆಫ್ ಆದರೆ ಎಲ್ಲ ನಡುಕವೂ ಹೋಗುತ್ತದೆ, ವಿಪತ್ತಿನ ಎಚ್ಚರಿಕೆಯ ನಡುಕವೂ ಸೇರಿ. 2023ರಲ್ಲಿ ಸರ್ಕಾರ ಪರೀಕ್ಷೆಗೆಂದು ಎಚ್ಚರಿಕೆ ಕಳಿಸಿದಾಗ ಸುತ್ತಲಿನ ಮೊಬೈಲುಗಳೆಲ್ಲ ಒಮ್ಮೆಲೇ ಕೂಗಿ ನಡುಗಿದ್ದು ನಿಮಗೆ ನೆನಪಿರಬಹುದು. ತುಂಗೆ ತುಂಬಿ ಹರಿಯುವ ಊರಿನಲ್ಲಿ ಅದನ್ನು ಕಳೆದುಕೊಳ್ಳಬಾರದು.

ಬ್ಯಾಟರಿ ಉಳಿಯುತ್ತದೆಯೇ ಎಂದು ಕೇಳುವವರಿಗೆ: ಸ್ವಲ್ಪ. ಕೀಲಿಮಣೆಯ ನಡುಕದಿಂದ ಬ್ಯಾಟರಿಯ ಮೇಲೆ ಪರಿಣಾಮ ಆಗಬಹುದು ಎಂದು ಆಪಲ್ ತಾನೇ ಹೇಳಿದೆ. ಆದರೆ ಪರದೆಯೂ, ಸಿಗ್ನಲ್ ಇಲ್ಲದ ಕಡೆ ಟವರ್ ಹುಡುಕುವುದೂ ಅದಕ್ಕಿಂತ ಎಷ್ಟೋ ಹೆಚ್ಚು ತಿನ್ನುತ್ತವೆ. ಮರ ಬಿದ್ದು ಮೂರು ದಿನ ಕರೆಂಟು ಹೋದಾಗ ಇದನ್ನೂ ಆಫ್ ಮಾಡಿ, ಅಷ್ಟೇ.

ನನಗೆ ಸಿಟ್ಟು ಬರುವುದು ಕಂಪನಿಗಳ ಒಂದು ಅಭ್ಯಾಸದ ಮೇಲೆ. ಆಪಲ್ 2022ರಲ್ಲಿ ಐಫೋನಿನ ತಂತ್ರಾಂಶ ಐಒಎಸ್ 16ರ ಜೊತೆ ಕೀಲಿಮಣೆಗೆ ನಡುಕ ತಂದಾಗ ಅದನ್ನು ಆಫ್ ಮಾಡಿಯೇ ಕೊಟ್ಟಿತು, ಬೇಕಾದವರು ಹಾಕಿಕೊಳ್ಳಲಿ ಎಂದು. ನಮ್ಮ ಮನೆಗೆ ಇದುವರೆಗೆ ಬಂದ ಆಂಡ್ರಾಯ್ಡ್ ಫೋನುಗಳಲ್ಲಿ ಅದು ಆನ್ ಆಗಿಯೇ ಬಂದಿದೆ. ಹೊಸ ಫೋನು ಮೊದಲ ಸಲ ತೆರೆದಾಗ ಭಾಷೆ ಕೇಳುತ್ತಾರೆ, ವೈಫೈ ಕೇಳುತ್ತಾರೆ, ಬೆರಳಚ್ಚು ಕೇಳುತ್ತಾರೆ. "ಅಕ್ಷರ ಒತ್ತಿದಾಗ ಫೋನು ನಡುಗಬೇಕೇ?" ಎಂದು ಕನ್ನಡದಲ್ಲಿ ಒಂದು ಸಾಲು ಕೇಳುವುದಕ್ಕೆ ಏನು ಖರ್ಚು? ಅಪ್ಪಯ್ಯ ನಾಲ್ಕು ವರ್ಷ ಆ ಫೋನು ಬಳಸಿದ್ದಾರೆ. ಅದನ್ನು ನಿಲ್ಲಿಸಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮನೆಯವನೇ ಆದ ನಾನೂ ಹೇಳಿರಲಿಲ್ಲ, ಆ ಬೇಸರ ನನಗಿದೆ. ಅವತ್ತು ಸಂಜೆ ಆಫ್ ಮಾಡಿಕೊಟ್ಟೆ. ರಾತ್ರಿ ನಾನು ಶಿವಮೊಗ್ಗ ತಲುಪುವ ಹೊತ್ತಿಗೆ ಅವರೇ ಬರೆದ ಸಂದೇಶ ಬಂದಿತ್ತು: "ಮುಟ್ಟಿದೆಯಾ."

ಇಷ್ಟು ಗಟ್ಟಿಯಾಗಿ ಹೇಳುವ ನಾನು ಒಂದು ಕಡೆ ತಪ್ಪಿದ್ದೂ ಇದೆ. ಅದೇ ಹುರುಪಿನಲ್ಲಿ ದೊಡ್ಡಮ್ಮನ ಫೋನಿನಲ್ಲೂ ಆಫ್ ಮಾಡಿ ಬಂದಿದ್ದೆ, ಅವರನ್ನು ಕೇಳದೆ. ಅಡಿಕೆ ಸುಲಿತದ ಹೊತ್ತಿಗೆ ಮತ್ತೆ ಊರಿಗೆ ಹೋದೆ. ದೊಡ್ಡಮ್ಮ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದರು. ಅವರ ಬೆರಳುಗಳನ್ನು ನೋಡಬೇಕು. ಅಡಿಕೆಯ ಕಲೆ ಕಪ್ಪಾಗಿ ಹಿಡಿದಿದೆ, ತುದಿಯ ಚರ್ಮ ದಪ್ಪಗಟ್ಟಿ ಗೆರೆಗಳೇ ಸವೆದುಹೋಗಿವೆ. ಪಡಿತರ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಂದೇ ಸಲಕ್ಕೆ ಒಪ್ಪುವುದಿಲ್ಲ. ನನ್ನನ್ನು ಕಂಡವರೇ "ನನ್ನ ಫೋನಿಗೆ ಏನೋ ಆಗಿದೆ, ಒತ್ತಿದ್ದು ಗೊತ್ತೇ ಆಗುವುದಿಲ್ಲ" ಎಂದರು. ಕನ್ನಡಕ ಹಾಕದೆ ಬರೆಯುವ ಅವರಿಗೆ, ಅಕ್ಷರ ಬಿದ್ದಿತೆಂದು ಹೇಳುತ್ತಿದ್ದುದು ಆ ನಡುಕವೊಂದೇ. ಕಣ್ಣು ಕಾಣದವರು ಪರದೆಯ ಮೇಲಿನದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಫೋನು ಬಳಸುವಾಗಲೂ ಹೀಗೆಯೇ: ಬೆರಳು ಎಲ್ಲಿದೆ ಎಂದು ತಿಳಿಸುವುದರಲ್ಲಿ ದನಿಯ ಜೊತೆ ನಡುಕದ ಪಾಲೂ ಇದೆ.

ಅಲ್ಲೇ ಪಕ್ಕದಲ್ಲಿ ಕುಳಿತು ಜಿಬೋರ್ಡಿನ ಸೆಟ್ಟಿಂಗ್ಸ್ ತೆರೆದು ಆನ್ ಮಾಡಿದೆ. ಬಲ ಹೊಂದಿಸುವ ಗೆರೆಯನ್ನು ಅವರಿಗೆ ತೋರಿಸಿದೆ. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು, ಗೆರೆಯ ಮೇಲಿನ ಚುಕ್ಕಿಯನ್ನು ತಾವೇ ಎಳೆದರು. ಮೊದಲು ತುದಿಯವರೆಗೆ, ಆಮೇಲೆ ಅರ್ಧಕ್ಕೆ, ಆಮೇಲೆ ಸ್ವಲ್ಪ ಮುಂದಕ್ಕೆ. ನನ್ನ ಹೆಸರನ್ನು ಒಂದು ಸಲ ಬರೆದು ನೋಡಿದರು. "ಇಷ್ಟಿರಲಿ" ಎಂದು ಫೋನನ್ನು ಬದಿಗಿಟ್ಟು ಮತ್ತೊಂದು ಅಡಿಕೆ ಎತ್ತಿಕೊಂಡರು.